ಸಿಕ್ಸ್ಟನ್ ತಾತನ ಡ್ರಿಲ್ಲು

“ನಿಲ್ಲಿಸು! ನಿಲ್ಲಿಸು ಅಂದ್ನಲ್ಲ!” ಸಿಕ್ಸ್ಟನ್ ತಾತ ಬಾಗಿಲಿನಿಂದಲೇ ಕೂಗಿದರು.

ಗುನ್ವೋರ್ ಅಜ್ಜಿ ಡ್ರಿಲ್ಲಿನಿಂದ ಬೆರಳು ತೆಗೆದರು. ಪಕ್ಕದಲ್ಲಿ ಮೊಮ್ಮಗಳು ವೆಂಡೆಲಾ ಹಲಗೆ ತಬ್ಬಿಕೊಂಡು ನಿಂತಿದ್ದಳು. ಅವಳ ಮೊಲಕ್ಕೆ ಗೂಡು ಬೇಕಿತ್ತು. ಅಡುಗೆಮನೆಯಲ್ಲಿದ್ದ ರಟ್ಟಿನ ಡಬ್ಬವನ್ನು ತಿಂದು ಮುಗಿಸಿದ ಮೊಲ ಈಗ ಅಮ್ಮನ ಬೂಟಿಗೆ ಬಾಯಿ ಹಾಕಿತ್ತು. “ಶನಿವಾರದೊಳಗೆ ಗೂಡು ಆಗ್ಲಿಲ್ಲ ಅಂದ್ರೆ ಮೊಲ ವಾಪಸ್,” ಅಂದುಬಿಟ್ಟಿದ್ದರು ಅಮ್ಮ.

ಹೆಡ್ವಿಕ್ ಊರಿನವರೆಲ್ಲ ಸೇರಿ ನಡೆಸುವ ಮರಗೆಲಸದ ಶೆಡ್ ಅದು. ಅಲ್ಲಿ ಹಲಗೆ ಕೀಸುವ ಹಳೇ ಮೆಷಿನ್ ಇತ್ತು. ಹಲಗೆ ಎಷ್ಟು ದಪ್ಪ ಬೇಕೋ ಅದಕ್ಕೆ ತಕ್ಕ ಎತ್ತರಕ್ಕೆ ಅದರ ಮೇಜನ್ನು ತರಲು ಹಿಡಿಕೆಯನ್ನು ಅರವತ್ತು ಸುತ್ತು ತಿರುಗಿಸಬೇಕು. ಅಜ್ಜಿಗೆ ಮಣಿಕಟ್ಟು ನೋವು. ಅದಕ್ಕೇ ಹಿಡಿಕೆ ಬಿಚ್ಚಿ, ಆ ಜಾಗಕ್ಕೆ ಬ್ಯಾಟರಿ ಡ್ರಿಲ್ ಸಿಕ್ಕಿಸಿದ್ದರು.

“ನಲವತ್ತು ವರ್ಷದಿಂದ ಕೈಯಲ್ಲೇ ತಿರುಗಿಸ್ತಿದೀವಿ,” ಅಂದರು ಸಿಕ್ಸ್ಟನ್. ಅವರು ಶೆಡ್ ನಡೆಸುವ ಸಂಘದ ಅಧ್ಯಕ್ಷರು.

“ಡ್ರಿಲ್ಲನ್ನೂ ಕೈಯಲ್ಲೇ ಅಲ್ವಾ ಹಿಡಿಯೋದು?” ವೆಂಡೆಲಾ ಕೇಳಿದಳು.

ಇದಕ್ಕೆ ಉತ್ತರ ಕೊಡಲು ಮೀಟಿಂಗ್ ಕರೆಯಬೇಕಾಯಿತು. ಏಳು ಜನ, ಎರಡು ಫ್ಲಾಸ್ಕ್ ಕಾಫಿ, ಒಂದು ತಟ್ಟೆ ದಾಲ್ಚಿನ್ನಿ ಬನ್. ‘ಕೈ’ ಅಂದರೆ ಎಲ್ಲಿಂದ ಎಲ್ಲಿಯವರೆಗೆ ಅನ್ನುವುದರಲ್ಲೇ ಒಂದು ಗಂಟೆ ಹೋಯಿತು. ಕೊನೆಗೆ ಬಾಗಿಲಿಗೆ ಬೋರ್ಡು ಬಂತು: ‘ಮೆಷಿನ್ನಿಗೆ ಡ್ರಿಲ್ ಹಾಕಕೂಡದು. ಹಾಕಿದವರಿಗೆ ಒಂದು ತಿಂಗಳು ಶೆಡ್ಡಿಗೆ ಪ್ರವೇಶವಿಲ್ಲ.’ ಬೋರ್ಡಿನ ನಾಲ್ಕು ಸ್ಕ್ರೂಗಳನ್ನು ಬಿಗಿ ಮಾಡಿದ್ದು ಡ್ರಿಲ್ಲಿನಿಂದಲೇ.

ಶುಕ್ರವಾರ ಸ್ಕೂಲು ಬಿಟ್ಟ ಮೇಲೆ ವೆಂಡೆಲಾ ಶೆಡ್ಡಿಗೆ ಓಡಿದಳು. ಹಿಡಿಕೆ ತಿರುಗಿಸಿಕೊಡಲು ಯಾರಾದರೂ ಸಿಗಬಹುದೆಂಬ ಆಸೆ.

ಒಳಗಿನಿಂದ ಝುಯ್ಯ್ ಅಂತ ಸದ್ದು ಬಂತು. ಅವಳು ಬಾಗಿಲ ಸಂದಿಯಲ್ಲಿ ಇಣುಕಿದಳು.

ಸಿಕ್ಸ್ಟನ್ ತಾತ! ಮೆಷಿನ್ನಿಗೆ ಡ್ರಿಲ್ ಸಿಕ್ಕಿಸಿ ಮೇಜು ಏರಿಸುತ್ತಿದ್ದರು!

‘ಸಿಕ್ಕಿಬಿದ್ರಿ!’ ಅಂತ ಕಿರುಚಲು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ತಾತ ಡ್ರಿಲ್ ಕೆಳಗಿಟ್ಟು, ಹಲ್ಲು ಕಚ್ಚಿಕೊಂಡು ಬಲಭುಜವನ್ನು ನೀವಿಕೊಂಡರು. ಕೈ ಎತ್ತಲು ನೋಡಿದರು. ಅದು ಎದೆಯ ಮಟ್ಟಕ್ಕೇ ನಿಂತುಬಿಟ್ಟಿತು.

ವೆಂಡೆಲಾ ಬಾಯಿ ಮುಚ್ಚಿದಳು. ಮೆಲ್ಲಗೆ ಹತ್ತು ಹೆಜ್ಜೆ ಹಿಂದೆ ಹೋಗಿ, ಧಡಧಡ ಸದ್ದು ಮಾಡುತ್ತಾ ಬಂದು ಬಾಗಿಲು ಬಡಿದಳು.

ಒಳಗೆ ಹೋದಾಗ ಡ್ರಿಲ್ ಮಾಯ. ತಾತನ ಕೋಟು ಮಾತ್ರ ಒಂದು ಪಕ್ಕ ಉಬ್ಬಿತ್ತು. ಹಿಡಿಕೆ ಅವರ ಕೈಯಲ್ಲಿತ್ತು.

“ಎಣ್ಣೆ ಬಿಡೋಣ ಅಂತ ಬಿಚ್ಚಿದೆ,” ಅಂದರು.

“ಹೂಂ.”

“ಹಲಗೆ ಎಷ್ಟು ದಪ್ಪ ಇರ್ಬೇಕು ನಿಂಗೆ?”

“ಇಪ್ಪತ್ತು ಮಿಲಿಮೀಟರ್.”

ತಾತ ಹಿಡಿಕೆಯನ್ನು ನೋಡಿದರು. ಮೆಷಿನ್ನನ್ನು ನೋಡಿದರು. ಮತ್ತೆ ಹಿಡಿಕೆಯನ್ನು ನೋಡಿದರು.

“ನಾನು ಹೊರಗಡೆ ಕೂತಿರ್ತೀನಿ ತಾತ,” ವೆಂಡೆಲಾ ಅಂದಳು. “ಯಾರಾದ್ರೂ ಬಂದ್ರೆ ಕೆಮ್ತೀನಿ.”

ತಾತನ ಕಿವಿ ಕೆಂಪಾಯಿತು. ಕೋಟಿನೊಳಗಿಂದ ಡ್ರಿಲ್ ಹೊರತೆಗೆಯುತ್ತಾ ಕೇಳಿದರು: “ನಿಮ್ಮಜ್ಜಿ ಡ್ರಿಲ್ಲು ಎಷ್ಟು ವೋಲ್ಟು?”

“ಹದಿನೆಂಟು.”

“ನಂದು ಬರೀ ಹನ್ನೆರಡು,” ಅಂದರು ತಾತ, ಸಣ್ಣ ದನಿಯಲ್ಲಿ.

ವೆಂಡೆಲಾ ಮೆಟ್ಟಿಲ ಮೇಲೆ ಕೂತಳು. ಒಳಗೆ ಸದ್ದು ಶುರುವಾಯಿತು. ನಿಂತಿತು. ಭುಜ ನೀವಿಕೊಳ್ಳುತ್ತಿರಬೇಕು ಅಂದುಕೊಂಡಳು. ಆಯ್ತಾ ಅಂತ ಕೇಳಲಿಲ್ಲ. ರಸ್ತೆ ನೋಡುತ್ತಾ ಕೂತಳು.