ಆರನೆಯ ಡಬ್ಬಿ

"ಡಬ್ಬಿ ಇಲ್ಲ ಸಾ."

ಇಷ್ಟು ಹೇಳಿ ಸಿನಿಮಾ ಆಪರೇಟರ್ ಚೆನ್ನಯ್ಯ ರಾಮಾಪುರ ಠಾಣೆಯ ಮೆಟ್ಟಿಲ ಮೇಲೆ ಕುಸಿದು ಕೂತ. 1971ರ ಫೆಬ್ರವರಿಯ ಒಂದು ಶನಿವಾರ, ಸಂಜೆ ಆರೂವರೆ. ಎದುರಿನ ಶಾಲೆಯ ಬಯಲಿನಲ್ಲಿ ಪರದೆ ಕಟ್ಟಿ ಆಗಿತ್ತು. ಮುನ್ನೂರು ಜನ ಚಾಪೆ ಹಾಸಿಕೊಂಡು ಕಾಯುತ್ತಿದ್ದರು. ಅವರಲ್ಲಿ ನನ್ನ ಹೆಂಡತಿಯೂ ಒಬ್ಬಳು. ಆ ದಿನ ನಮ್ಮ ಮನೆಯಲ್ಲಿ ರಾತ್ರಿಯ ಅಡುಗೆ ಮಧ್ಯಾಹ್ನವೇ ಮುಗಿದುಹೋಗಿತ್ತು.

ನಾನು ಠಾಣೆಯ ರೈಟರ್. ಬರೆಯುವುದು ನನ್ನ ಕೆಲಸ. ಯೋಚಿಸುವುದು ದಫೇದಾರ್ ದೊಡ್ಡಸಿದ್ದಯ್ಯನವರ ಕೆಲಸ.

ಇಂಗ್ಲೆಂಡಿನಲ್ಲಿ ಟೆಲಿವಿಷನ್ ಎಂಬ ಪೆಟ್ಟಿಗೆ ಇದೆಯಂತೆ, ಕೂತಲ್ಲೇ ಮನೆಯೊಳಗೆ ಚಿತ್ರ ಬರುತ್ತದಂತೆ. ಆ ಪೆಟ್ಟಿಗೆಗೆಂದು ತಯಾರಿಸಿದ ಆರು ಕಂತಿನ ಕಥೆಯೊಂದನ್ನು ಸಣ್ಣ ಫಿಲಂಗೆ ಇಳಿಸಿ ಬೆಂಗಳೂರಿನಿಂದ ವಾರಕ್ಕೊಂದು ಡಬ್ಬಿಯಂತೆ ಕಳಿಸುತ್ತಿದ್ದರು. ಕೊಳ್ಳೇಗಾಲದ ಒಂದು ವಿಜ್ಞಾನ ಸಂಘದ ವ್ಯಾನು ಅದನ್ನು ನಮ್ಮೂರಿಗೆ ತರುತ್ತಿತ್ತು. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟು ಆಗ ಒಂದೂವರೆ ವರ್ಷ. ರಾಮಾಪುರದವರು ಐದೇ ವಾರದಲ್ಲಿ ಚಂದ್ರನನ್ನು ಹಿಂದೆ ಹಾಕಿ ಎಲ್ಲೋ ಹೋಗಿಬಿಟ್ಟಿದ್ದರು. ಒಬ್ಬ ಹುಡುಗಿ, ಅವಳ ಅಣ್ಣ, ಒಂದು ರಾಕೆಟ್ಟು, ಬೆನ್ನಟ್ಟಿ ಬರುವ ಕಬ್ಬಿಣದ ಜನ — ಇಷ್ಟೇ ಕಥೆ. ಆದರೆ ಬಾವಿಕಟ್ಟೆಯಲ್ಲಿ ಬೇರೆ ಮಾತೇ ಇರಲಿಲ್ಲ.

ಚಿತ್ರದ ಮಾತೆಲ್ಲ ಇಂಗ್ಲಿಷು. ಶಾಲೆಯ ಶಿವರುದ್ರಸ್ವಾಮಿ ಮೇಷ್ಟ್ರು ಮೈಕ್ ಹಿಡಿದು ಕನ್ನಡದಲ್ಲಿ ಹೇಳುತ್ತಿದ್ದರು. ಹುಡುಗಿ ಅತ್ತರೆ ಅವರ ದನಿಯೂ ನಡುಗುತ್ತಿತ್ತು. ಆ ಗಂಟಲು ಕೈಕೊಡದಿರಲೆಂದು ಪ್ರತಿ ಶನಿವಾರ ಸಂಜೆ ರಾಚಮ್ಮನ ಟೀ ಅಂಗಡಿಯಲ್ಲಿ ಬಿಸಿಬಿಸಿ ಮೆಣಸಿನ ಕಷಾಯ ಕುಡಿಯುತ್ತಿದ್ದರು.

ಇವತ್ತು ಕೊನೆಯ ಕಂತು. ಅದರ ಡಬ್ಬಿಯೇ ಇಲ್ಲ.

"ಓದ ತಿಂಗ್ಳು ಒಂದು ರೀಲು ಅರಿದಿದ್ಕೇ ಸಂಘದ ಕಾರ್ಯದರ್ಶಿಗಳು ಎಚ್ಚರ್ಕೆ ಕೊಟ್ಟವ್ರೆ," ಎಂದ ಚೆನ್ನಯ್ಯ. "ಈಗ ಡಬ್ಬಿನೇ ಇಲ್ಲ ಅಂದ್ರೆ ಕೆಲ್ಸದಿಂದ ತೆಗೀತಾರೆ ಸಾ. ನಂಗೆ ಬ್ಯಾರೆ ಏನೂ ಬರಕಿಲ್ಲ."

"ಕೊನೆಗೆ ಯಾವಾಗ ನೋಡ್ದೆ?" ದಫೇದಾರರು ಕೇಳಿದರು.

"ಎಲ್ಡು ಗಂಟೇಲಿ. ಮೇಷ್ಟ್ರು ಅರ್ಥ ಮಾಡ್ಕಳ್ಳಿ ಅಂತ ಮೊದ್ಲು ಅವ್ರಿಗೊಬ್ರಿಗೇ ಓಡ್ಸಿ ತೋರಿಸ್ತೀನಿ. ತೋರ್ಸಿ, ಡಬ್ಬಿಗಾಕಿ, ಐದ್ನೇ ಕ್ಲಾಸ್ ರೂಮ್ನಲ್ಲಿಟ್ಟು, ಜವಾನ ನಂಜಯ್ಯನ ಕೈಲಿ ಬೀಗ ಹಾಕಿಸ್ದೆ. ಆಮೇಲೆ ಪರದೆ ಕಟ್ಟಕೋದೆ."

"ಬೀಗ ಒಡೆದಿದ್ದಾರಾ?"

"ಇಲ್ಲ ಸಾ. ನೆಟ್ಟಗದೆ."

ನಾವು ಶಾಲೆಗೆ ನಡೆದೆವು. ಜವಾನ ನಂಜಯ್ಯ ಬಾಗಿಲ ಪಕ್ಕದ ಮೊಳೆ ತೋರಿಸಿದ. ಬೀಗದ ಕೈ ಅಲ್ಲೇ ನೇತಾಡುತ್ತಿತ್ತು.

"ಯಾವಾಗ್ಲೂ ಇಲ್ಲೇನಾ ನೇತಾಕೋದು?"

"ಊಂ ಸಾ."

"ಮತ್ತೆ ಬೀಗ ಯಾಕಯ್ಯ?"

"ದನ ನುಗ್ದೆ ಇರ್ಲಿ ಅಂತ ಸಾ."

ಅಂದರೆ ಯಾರು ಬೇಕಾದರೂ ಒಳಗೆ ಹೋಗಬಹುದಿತ್ತು. ಎರಡು ಗಂಟೆಯ ಮೇಲೆ ಇಲ್ಲಿಗೆ ಯಾರು ಬಂದಿದ್ದರು ಎಂದು ಕೇಳಿದಾಗ ನಂಜಯ್ಯ ಹೇಳಿದ ಹೆಸರು ಕೇಳಿ ನನಗೆ ಕೇಸು ಮುಗಿದೇ ಹೋಯಿತು ಅನ್ನಿಸಿತು. ಚಿನ್ನಸ್ವಾಮಿ! ಹನೂರಿನ ಟೆಂಟ್ ಸಿನಿಮಾದ ಯಜಮಾನ. ಶಾಲೆಯ ಗೋಡೆಗೆ ಪೋಸ್ಟರ್ ಅಂಟಿಸಲು ಬಂದಿದ್ದನಂತೆ. ನಾನಾಗಿದ್ದರೆ ಅಲ್ಲೇ ಬೇಡಿ ಹಾಕುತ್ತಿದ್ದೆ.

ಜನರ ಮಧ್ಯೆ ಕೂತಿದ್ದವನನ್ನು ದಫೇದಾರರು ಕರೆಸಿದರು.

"ಶನಿವಾರ ನಿನ್ನ ಟೆಂಟ್ ಖಾಲಿ ಅಲ್ವಾ?"

"ಖಾಲಿ ಸಾಮಿ. ಗೇಟ್ ಕಾಯೋನೂ ಇಲ್ಲೇ ಕುಂತವ್ನೆ, ನೋಡಿ."

"ಅದಕ್ಕೇ ಡಬ್ಬಿ ಎತ್ತಿದ್ಯಾ?"

ಚಿನ್ನಸ್ವಾಮಿ ನಕ್ಕ. "ಇದು ಕೊನೇ ಕಂತು ಸಾಮಿ. ಇವತ್ತು ಮುಗಿದ್ರೆ ಮುಂದಿನ ವಾರ ಜನ ನನ್ ಟೆಂಟ್ಗೇ ಬರ್ಬೇಕು. ಅದ ನಿಲ್ಸಿ ನಂಗೇನು ಬಂತು? ಪೋಸ್ಟರ್ ಸುಮ್ನೆ ನೆಪ. ಆ ಎಣ್ಣು ಏನಾಯ್ತಾಳೆ ಅಂತ ನೋಡಕ್ಕೇ ಬಂದೆ."

ನನ್ನ ಬೇಡಿ ಮನಸ್ಸಿನಲ್ಲೇ ಉಳಿಯಿತು.

ಮೇಷ್ಟ್ರು ಆಫೀಸು ಕೋಣೆಯಲ್ಲಿ ಒಬ್ಬರೇ ಕೂತಿದ್ದರು. ಮುಖ ಇಳಿದಿತ್ತು. ಪಾಪ, ಐದು ವಾರ ಗಂಟಲು ಹರಿದುಕೊಂಡವರು.

"ನೀವೆಲ್ಲಿದ್ರಿ ಮೇಷ್ಟ್ರೇ?"

"ಚಿತ್ರ ನೋಡಿದ ಮೇಲೆ ಇಲ್ಲೇ ಇದ್ದೆ. ಐದು ಗಂಟೆಗೆ ರಾಚಮ್ಮನ ಅಂಗಡಿಯಲ್ಲಿ ಮಜ್ಜಿಗೆ ಕುಡಿದು ಬಂದೆ. ಆರೂವರೆಗೆ ಚೆನ್ನಯ್ಯ ಕೂಗಿದಾಗಲೇ ವಿಷಯ ಗೊತ್ತಾಗಿದ್ದು."

ನಾನು ಎಲ್ಲವನ್ನೂ ಬರೆದುಕೊಂಡೆ. ಹೊರಗೆ ಬಂದು ದಫೇದಾರರು ಅದನ್ನು ಎರಡು ಸಲ ಓದಿಸಿದರು. ಆಮೇಲೆ ನೇರ ರಾಚಮ್ಮನ ಅಂಗಡಿಗೆ ಹೋದರು.

"ರಾಚವ್ವ, ಮೇಷ್ಟ್ರು ಇವತ್ತು ಏನು ಕುಡಿದ್ರು?"

"ಮಜ್ಜಿಗೆ ಕಣ್ರಿ. ಮಡಕೇದು, ತಣ್ಗಿರೋದು. ಕಷಾಯ ಕುದಿಸಿ ಮಡಗಿದ್ದೆ, ಬ್ಯಾಡ ಅಂದ್ಬುಟ್ರು."

ದಫೇದಾರರು ಶಾಲೆಗೆ ತಿರುಗಿದರು. ರಾಚಮ್ಮ ಕರೆಯದೇ ಹಿಂದೆ ಬಂದಳು. ಅವಳು ಬರಬಾರದು ಎಂದು ಹೇಳುವ ಧೈರ್ಯ ನಮ್ಮ ಠಾಣೆಯಲ್ಲಿ ಯಾರಿಗೂ ಇಲ್ಲ.

ದಫೇದಾರರು ಆಫೀಸು ಕೋಣೆಯ ಬಾಗಿಲು ಮುಂದೆ ಮಾಡಿದರು. "ಮೇಷ್ಟ್ರೇ, ಐದು ವಾರ ಕಷಾಯ ಕುಡಿದ ಗಂಟಲಿಗೆ ಇವತ್ತು ತಣ್ಣನೆ ಮಜ್ಜಿಗೆ ಯಾಕೆ? ಮೈಕ್ ಹಿಡಿಯೋ ದಿನ ನೀವು ತಣ್ಣೀರೂ ಮುಟ್ಟಲ್ಲ. ಡಬ್ಬಿ ಇಲ್ಲ ಅಂತ ಊರಿಗೆ ಗೊತ್ತಾಗಿದ್ದು ಆರೂವರೆಗೆ. ಇವತ್ತು ಮಾತಾಡೋ ಕೆಲಸ ಇಲ್ಲ ಅಂತ ನಿಮಗೆ ಐದು ಗಂಟೆಗೇ ಹೆಂಗೆ ಗೊತ್ತಾಯ್ತು?"

ಮೇಷ್ಟ್ರು ಎದ್ದರು. ಭೂಪಟದ ಬೀರು ತೆಗೆದು, ಏಷ್ಯಾ ಖಂಡವನ್ನು ಸರಿಸಿ, ಹಿಂದಿನಿಂದ ಡಬ್ಬಿ ತೆಗೆದುಕೊಟ್ಟರು. ಚೆನ್ನಯ್ಯ ಅದನ್ನು ಎದೆಗೆ ಒತ್ತಿಕೊಂಡ.

"ನಾಳೆ ಬೆಳಗ್ಗೆ ವ್ಯಾನಿನಲ್ಲಿ ಇಟ್ಟುಬಿಡೋಣ ಅಂತಿದ್ದೆ. ನಿನ್ನ ಕೆಲಸಕ್ಕೇ ಕುತ್ತು ಬರುತ್ತೆ ಅಂತ ಹೊಳೆಯಲಿಲ್ಲ ಚೆನ್ನಯ್ಯ. ತಪ್ಪಾಯಿತು."

"ಯಾಕೆ ಮಾಡಿದ್ರಿ?" ದಫೇದಾರರ ದನಿ ಮೆತ್ತಗಿತ್ತು.

"ಮೊದಲ ವಾರ ಹೆಂಗಸರು ಕೇಳಿದರು — ಆ ಹುಡುಗಿಗೆ ರಾಕೆಟ್ಟಿನಲ್ಲಿರೋ ಹುಡುಗ ಏನಾಗಬೇಕು ಅಂತ. ಚಿತ್ರದಲ್ಲಿ ಏನೂ ಆಗಬೇಕಿಲ್ಲ, ಜೊತೆಗೆ ಕೆಲಸ ಮಾಡುವವನು ಅಷ್ಟೇ. ಒಂಟಿ ಹುಡುಗಿ ಅಂಥವನ ಜೊತೆ ರಾಕೆಟ್ಟು ಹತ್ತಿ ಹೊರಟಳು ಅಂದರೆ ನಮ್ಮೂರಲ್ಲಿ ನಾಳೆಯಿಂದ ಯಾರು ಹೆಣ್ಣುಮಕ್ಕಳನ್ನು ಚಿತ್ರಕ್ಕೆ ಕಳಿಸುತ್ತಾರೆ? ಅಣ್ಣ ಅಂದುಬಿಟ್ಟೆ."

"ಸರಿ. ಅದಕ್ಕೇನೀಗ?"

ಮೇಷ್ಟ್ರು ನೆಲ ನೋಡಿದರು. "ಕೊನೆಯಲ್ಲಿ ಅವರಿಬ್ಬರಿಗೂ ಮದುವೆ ಆಗುತ್ತೆ."

ನಾನು ಪೆನ್ನಿನ ಟೊಪ್ಪಿ ಮುಚ್ಚಿದೆ. ಹದಿನಾಲ್ಕು ವರ್ಷದ ಸರ್ವೀಸಿನಲ್ಲಿ ಇಂಥದಕ್ಕೆ ಒಂದು ಸೆಕ್ಷನ್ ನಾನು ಕಂಡಿಲ್ಲ. ಹೊರಗೆ ಜನ ಶಿಳ್ಳೆ ಹಾಕತೊಡಗಿದ್ದರು.

"ತೋರಿಸ್ದಿದ್ರೆ ಆಟ ನಡೀನಿಲ್ಲ ಅಂತ ವರದಿ ಓಯ್ತದೆ, ನನ್ನ ಕೆಲ್ಸಾನೂ ಓಯ್ತದೆ," ಚೆನ್ನಯ್ಯ ಡಬ್ಬಿ ಬಿಡದೆ ಹೇಳಿದ. "ತೋರಿಸಿದ್ರೆ ಜನ ಕಲ್ಲು ತಕತ್ತಾರೆ. ನಾನೇನ್ ಮಾಡ್ಲಿ?"

"ಇಷ್ಟೇನಾ?" ಎಂದಳು ರಾಚಮ್ಮ.

ಎಲ್ಲರೂ ಅವಳ ಕಡೆ ತಿರುಗಿದೆವು.

"ಅಣ್ಣ ಅಂದಿದ್ದು ತಪ್ಪು ಅನ್ನಿ ಮೇಷ್ಟ್ರೇ. ಸೋದರತ್ತೆ ಮಗ ಅನ್ನಿ. ಅತ್ತೆ ಮಗನ ಜೊತೆ ಎಲ್ಲಿಗೋದ್ರೂ ಯಾರ್ ಏನಂದಾರು? ಮದ್ವೆನೂ ಆಗ್ಬೋದು. ನಾನಾಗ್ನಿಲ್ವಾ?"

ದಫೇದಾರರು ನನ್ನ ಕಡೆ ನೋಡಿದರು. "ರೈಟರೇ, ಬರೆದ ಹಾಳೆ ಇಲ್ಲಿ ಕೊಡಿ." ಕೊಟ್ಟೆ. ಮಡಿಸಿ ಜೇಬಿಗೆ ಹಾಕಿಕೊಂಡರು.

ಏಳೂವರೆಗೆ ಆಟ ಶುರುವಾಯಿತು. ಮೇಷ್ಟ್ರು ಮೈಕ್ ಹಿಡಿದರು. ಸಂಬಂಧ ಹೇಳುವುದರಲ್ಲಿ ತಮ್ಮಿಂದ ತಪ್ಪಾಗಿದೆ, ಅವನು ಅಣ್ಣನಲ್ಲ, ಸೋದರತ್ತೆಯ ಮಗ ಎಂದರು. ಬಯಲೆಲ್ಲ ಗಪ್‌ಚಿಪ್. ಆಗ ಹಿಂದಿನಿಂದ ಒಬ್ಬ ಮುದುಕನ ದನಿ ಬಂತು: "ಅದ್ಕೇ ಕಣ್ಲಾ, ಅವ್ರು ಅಂಗೆ ಕಿತ್ತಾಡ್ತಿದ್ದುದು. ಅಣ್ಣ ತಂಗಿ ಅಷ್ಟು ಕಿತ್ತಾಡಕಿಲ್ಲ."

ಮುನ್ನೂರು ಜನ ನಕ್ಕರು. ಮೇಷ್ಟ್ರಿಗೆ ಉಸಿರು ಬಂತು. ಮಜ್ಜಿಗೆ ಕುಡಿದ ಗಂಟಲಿನಲ್ಲೇ ಅವರು ಅವತ್ತು ಹೇಳಿದ ಹಾಗೆ ಹಿಂದೆ ಯಾವ ವಾರವೂ ಹೇಳಿರಲಿಲ್ಲ. ಕಬ್ಬಿಣದ ಜನ ಸೋತರು. ರಾಕೆಟ್ಟಿನೊಳಗೆ ಹುಡುಗ ಹುಡುಗಿಯ ಬೆರಳಿಗೆ ಉಂಗುರ ಹಾಕಿದ.

"ಅಪ್ಪ ಇಲ್ಲ, ಅವ್ವ ಇಲ್ಲ, ಮದ್ವೆಗೆ ಒಬ್ರೂ ಬರ್ನಿಲ್ವಲ್ಲ," ಎಂದು ನನ್ನ ಹೆಂಡತಿ ಕಣ್ಣೊರೆಸಿಕೊಂಡಳು.

"ನಾವಿಲ್ವಾ?" ಎಂದಳು ರಾಚಮ್ಮ. ಸೆರಗಿನ ಗಂಟು ಬಿಚ್ಚಿದಳು. ಆಟ ನಡೆಯುವಾಗ ಯಾವ ಮಾಯದಲ್ಲಿ ಮನೆಗೆ ಹೋಗಿ ಬಂದಿದ್ದಳೋ, ಗಂಟಿನ ತುಂಬ ಅರಿಶಿನ ಕಲಸಿದ ಅಕ್ಕಿ. ಕೈಯಿಂದ ಕೈಗೆ ಹಂಚಿಕೆಯಾಯಿತು. ಹೆಂಗಸರೆಲ್ಲ ಎದ್ದು ನಿಂತು ಪರದೆಯ ಮೇಲೆ ಅಕ್ಷತೆ ಎರಚಿದರು.

ಚೆನ್ನಯ್ಯ ಮಾತ್ರ, "ಲೆನ್ಸಿಗೆ ಬೀಳ್ತದೆ ಕಣ್ರವ್ವ, ಮೆಲ್ಲಗೆ," ಎನ್ನುತ್ತ ಮೆಷಿನ್ನನ್ನು ತಬ್ಬಿಕೊಂಡು ನಿಂತಿದ್ದ. ಅವನ ತಲೆತುಂಬ ಅಕ್ಕಿ.