ಬಾಯಿಯಷ್ಟೇ ಕಂಡ ನಗು

ಅಕ್ಕ ತೀರಿಕೊಂಡ ಸುದ್ದಿ ಬಂದ ದಿನ ಅವಳು ಡಬ್ಬಿಂಗ್ ಕೋಣೆಯಲ್ಲಿ ಮಕ್ಕಳ ಗೊಂಬೆ ಧಾರಾವಾಹಿಯ ಅಳಿಲುಮರಿಯ ದನಿಯಲ್ಲಿ ನಗುತ್ತಿದ್ದಳು.

ಗಾಜಿನಾಚೆ ಕುಳಿತಿದ್ದ ನಿರ್ದೇಶಕ ಫೋನ್ ಕೆಳಗಿಟ್ಟ. ಅವನು ಆ ಸ್ಟುಡಿಯೋಗೆ ಹೊಸಬ. ಅಂದೇ ಅವರ ಮೊದಲ ಭೇಟಿ. ಇಂಥ ಮಾತನ್ನು ಮೈಕಿನಲ್ಲಿ ಹೇಳಲಾರದೆ ತಾನೇ ಒಳಗೆ ಬಂದ.

"ಮೇಡಂ... ಆಸ್ಪತ್ರೆಯಿಂದ ಫೋನು. ನಿಮ್ಮ ಅಕ್ಕ... ಉಳೀಲಿಲ್ಲ."

"ಸುಳ್ಳು! ಬೆಳಿಗ್ಗೆ ತಾನೇ ನನ್ನ ಜೊತೆ ಮಾತಾಡಿದ್ದಾಳೆ!"

ಅವನು ಅವಳ ಹೆಡ್‌ಫೋನನ್ನು ಮೆಲ್ಲಗೆ ತೆಗೆದಿಟ್ಟು, ಆಸ್ಪತ್ರೆಯವರೆಗೂ ಜೊತೆಗೆ ಹೋದ.

ಅಕ್ಕನ ಮಗಳು ಗುಬ್ಬಿಗೆ ಐದು ವರ್ಷ. ತಂದೆ ಮೊದಲೇ ಇರಲಿಲ್ಲ. ಉಳಿದವಳು ಚಿಕ್ಕಮ್ಮ ಒಬ್ಬಳೇ. ಅತ್ತು ಅತ್ತು ದಣಿದ ಮಗು ಅಳಿಲಿನ ದನಿ ಕೇಳಿದರೆ ಮಾತ್ರ ಎರಡು ತುತ್ತು ಉಣ್ಣುತ್ತಿತ್ತು. ಭಗವಂತ ಆ ದನಿಯನ್ನು ಅದಕ್ಕೆಂದೇ ಕೊಟ್ಟಿದ್ದನೇನೋ!

"ಗುಬ್ಬಿ ಊಟ ಮಾಡಿದ್ಲಾ?" ಎಂದು ನಿರ್ದೇಶಕ ದಿನವೂ ಕೇಳುತ್ತಿದ್ದ. ಆ ಒಂದು ಪ್ರಶ್ನೆಗೆ ಅವಳ ಮನಸ್ಸು ತನಗರಿವಿಲ್ಲದೆ ಕಾಯತೊಡಗಿತ್ತು...

ಒಂದು ಮಧ್ಯಾಹ್ನ ಗುಬ್ಬಿ ತಟ್ಟೆ ನೂಕಿ, ಎರಡೂ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ನುಗ್ಗಿತು.

"ಆ ದನಿ ಬೇಡ ಚಿಕ್ಕಮ್ಮ! ಅವನನ್ನ ಹೊಡೆಯೋವಾಗ ನೀನು ನಗ್ತಿದ್ದೆ!"

"ನಾನಾ? ಎಲ್ಲಿ ಕಂದಾ?"

ಎದುರುಮನೆಯ ಟಿವಿಯಲ್ಲಿ ಗುಬ್ಬಿ ಅದನ್ನು ನೋಡಿತ್ತು! ಆ ಮನೆಯಾಕೆಗೆ ಏನೂ ಅನ್ನಿಸಿರಲಿಲ್ಲ.

"ಗೊಂಬೆ ಸಿನಿಮಾ ತಾನೇ, ಟಿವಿಯ ಮಕ್ಕಳ ಚಿತ್ರಗಳ ಸಾಲಿನಲ್ಲೇ, ನಿನ್ನ ಅಳಿಲಿನ ಪಕ್ಕದಲ್ಲೇ ಇತ್ತಪ್ಪ. ಅದೂ ನಿನ್ನದೇ ದನಿ. ಭಯ ಯಾಕೆ ಅಂದ್ಕೊಂಡೆ!"

ಅವಳೂ ನೋಡಿದಳು. ಆ ಸಿನಿಮಾದ ನಾಯಕ ಲೋಕ ಕಾಯುವ ಮಹಾವೀರನಂತೆ! ಕೆಳಗೆ ಬಿದ್ದು ಕೈಮುಗಿದವನ ಮುಖವನ್ನು ಗುದ್ದಿ ಗುದ್ದಿ ಜಜ್ಜುತ್ತಿದ್ದ. ಗೋಡೆಯ ತುಂಬ ರಕ್ತ. ಪಕ್ಕದಲ್ಲೊಬ್ಬ ಪುಟ್ಟ ಹುಡುಗ ಚಪ್ಪಾಳೆ ತಟ್ಟುತ್ತಿದ್ದ. "ಇನ್ನೊಂದು! ಇನ್ನೊಂದು!"

ಅವಳದೇ ದನಿ.

ಚಿತ್ರ ಕಳುವಾಗದಿರಲೆಂದು ಡಬ್ಬಿಂಗಿಗೆ ಬರುವ ಪ್ರತಿಯಲ್ಲಿ ಪರದೆಯೆಲ್ಲ ಕಪ್ಪಾಗಿರುತ್ತದೆ. ಮಾತಾಡುವ ಬಾಯಿಯಷ್ಟೇ ಕಾಣುತ್ತದೆ. ತಿಂಗಳ ಹಿಂದೆ ಆ ಪಾತ್ರಕ್ಕೆ ದನಿ ಕೊಡುವಾಗ 'ಹುಡುಗ ಆಟ ನೋಡ್ತಿದ್ದಾನೆ, ಖುಷಿಯಾಗಿ ನಗಿ' ಎಂದಿದ್ದ ನಿರ್ದೇಶಕ. ಅವನ ಮಾತು ನಂಬಿ ನಕ್ಕಿದ್ದಳು!

ನೇರ ಸ್ಟುಡಿಯೋಗೆ ನುಗ್ಗಿದಳು.

"ಇದಾ ನಿಮ್ಮ ಆಟ? ತಾಯಿಯಿಲ್ಲದ ಮಗು ನನ್ನ ದನಿ ಕೇಳಿದ್ರೆ ಬಚ್ಚಿಟ್ಕೊಳ್ತಾಳೆ! ನಿಮ್ಮನ್ನ ನಂಬಿದ್ದಕ್ಕೆ ನನ್ನ ಚಪ್ಪಲೀಲಿ ನಾನೇ ಹೊಡ್ಕೋಬೇಕು!"

ಅವನು ತಲೆ ತಗ್ಗಿಸಿದ. ಹಾಗಾದರೆ ಅವನಿಗೆ ಎಲ್ಲ ಗೊತ್ತಿತ್ತೇ...?

ಅಷ್ಟರಲ್ಲಿ ಸ್ಟುಡಿಯೋ ಮಾಲೀಕ ಬಂದ.

"ಬಂದ್ರಾ ಮೇಡಂ? ನೀವಾದ್ರೂ ಈ ಮಹಾನುಭಾವನಿಗೆ ಬುದ್ಧಿ ಹೇಳಿ! ಸಿನಿಮಾ ಬಂದಾಗಿನಿಂದ ಒಂದೇ ರಾಗ: ಮಕ್ಕಳ ಸಾಲಿನಿಂದ ತೆಗೆಸಿ, ಇಲ್ಲಾಂದ್ರೆ ಕೆಲಸ ಬಿಡ್ತೀನಿ. ರೆಕಾರ್ಡಿಂಗ್ ವೇಳೆ ಇವನಿಗೂ ಕಂಡಿದ್ದು ಬರೀ ಬಾಯಿ. ಆಮೇಲೆ ಈ ಲೋಕೋದ್ಧಾರ ಯಾಕೆ? ಗೊಂಬೆ ರಕ್ತ ರೀ, ಬಣ್ಣದ ನೀರು!"

ಅವಳು ನಿರ್ದೇಶಕನತ್ತ ನೋಡಿದಳು. ಮತ್ತೆ ಮಾಲೀಕನತ್ತ ತಿರುಗಿದಳು.

"ಸಕ್ಕರೆ ಸವರಿದ್ರೆ ವಿಷ ಔಷಧಿ ಆಗುತ್ತಾ ಸಾರ್? ದೊಡ್ಡವರು ಬೇಕಾದ್ರೆ ನೋಡ್ಕೊಳ್ಳಲಿ. ಅಳಿಲಿನ ಪಕ್ಕದಲ್ಲಿ ಯಾಕಿಟ್ರಿ?"

"ಅಲ್ಲಿಂದ ತೆಗೆದ್ರೆ ಯಾರಮ್ಮ ನೋಡ್ತಾರೆ?"

"ಮಕ್ಕಳು ನೋಡಬಾರದು ಅಂತಲೇ ಹೇಳ್ತಿರೋದು!" ಎಂದರು ಇಬ್ಬರೂ ಒಟ್ಟಿಗೆ.

"ತೆಗೆಸೋವರೆಗೂ ನಿಮ್ಮ ಅಳಿಲು ಬಾಯಿ ಬಿಡಲ್ಲ," ಎಂದಳು.

ಅಳಿಲೇ ಮಾಲೀಕನ ಅನ್ನ. ಗೊಣಗುತ್ತಲೇ ಟಿವಿಯವರಿಗೆ ಫೋನ್ ಹಚ್ಚಿದ. ಸಂಜೆಯೊಳಗೆ ಆ ಸಿನಿಮಾ ದೊಡ್ಡವರ ಸಾಲಿಗೆ ಹೋಯಿತು.

ಆದರೆ ಗುಬ್ಬಿ? ಇನ್ನೂ ಮಂಚದ ಕೆಳಗೇ ಇತ್ತು. ನಿರ್ದೇಶಕ ಮನೆಗೇ ಬಂದ.

"ಅಷ್ಟು ಬೈದಾಗ ಯಾಕೆ ಸುಮ್ನಿದ್ರಿ?"

"ಕಾಣದ್ದನ್ನ ಕಂಡ ಹಾಗೆ ಆಟ ಅಂದೆ. ಬೈಸ್ಕೋಬೇಕಿತ್ತು."

ಬಾಯಿಯಷ್ಟೇ ಕಾಣುವಂತೆ ಒಂದು ರಟ್ಟಿಗೆ ತೂತು ಕೊರೆದು, ಅವಳ ಮುಖಕ್ಕೆ ಅಡ್ಡ ಹಿಡಿದು, ನೆಲದ ಮೇಲೆ ಕುಳಿತ.

"ಗುಬ್ಬಿ, ಈ ಬಾಯಿ ಏನ್ಮಾಡ್ತಿದೆ?"

ಮಂಚದ ಕೆಳಗಿಂದ ಉತ್ತರ ಬಂತು. "ನಗ್ತಿದೆ."

ರಟ್ಟು ಸರಿಸಿದ. ಚಿಕ್ಕಮ್ಮನ ಕಣ್ಣುಗಳಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು.

"ನಾವು ನೋಡಿದ್ದು ಬಾಯಿ ಅಷ್ಟೇ ಪುಟ್ಟಾ. ಅವನನ್ನ ಹೊಡೀತಿದ್ದದ್ದು ಚಿಕ್ಕಮ್ಮನಿಗೆ ಕಾಣಿಸಲಿಲ್ಲ. ಕಂಡಿದ್ರೆ ನಗ್ತಿರಲಿಲ್ಲ."

ಗುಬ್ಬಿ ಮೆಲ್ಲಗೆ ಹೊರಬಂದು ಅವಳ ಕೆನ್ನೆ ಒರೆಸಿತು.

"ಅಳಬೇಡ ಚಿಕ್ಕಮ್ಮ... ಅಳಿಲು ಬೇಡ. ನೀನೇ ಮಾತಾಡು."

ಮಗು ಉಂಡಿತು. ಅವನು ಬಾಗಿಲಲ್ಲಿ ತಡೆದು ನಿಂತ.

"ನಿಮ್ಮ ಜೊತೆ ದಿನಾ ಮಾತಾಡೋಕೆ ನೆಪ ಹುಡುಕಿ ಸಾಕಾಗಿದೆ... ನನ್ನನ್ನ ಮದುವೆ ಆಗ್ತೀರಾ?"

"ಇಷ್ಟು ಬೈದ ಮೇಲೂ?"

"ಬೈಗುಳ ಯಾವುದೂ ರೆಕಾರ್ಡ್ ಆಗಿಲ್ಲ. ಧೈರ್ಯವಾಗಿ ಹೂಂ ಅನ್ನಿ."

ಅವಳು ಕಣ್ಣೀರಿನಲ್ಲೇ ನಕ್ಕಳು. "ಹೂಂ..."

ಒಳಗೆ ಗುಬ್ಬಿ ಅಮ್ಮನ ಫೋಟೋದ ಮುಂದೆ ಕಣ್ಣು ಮುಚ್ಚಿತ್ತು. ಇಬ್ಬರೂ ಬಂದು ಅದರ ಪಕ್ಕದಲ್ಲಿ ಕೈಮುಗಿದರು.

"ದೇವರೇ, ಅಲ್ಲಿ ಯಾರೂ ನಮ್ಮಮ್ಮನ್ನ ಹೆದರಿಸದೇ ಇರಲಿ. ಅಮ್ಮ ನೆಮ್ಮದಿಯಾಗಿ ಮಲಗಲಿ."