ಕೊಡೆ ಹಿಡಿಕೆಯ ಷೇರು

ಷೇರು ದಲ್ಲಾಳಿಯ ಕಚೇರಿಯಲ್ಲಿ ಕೂತು ಅವನು ಬರೆಯುತ್ತಿದ್ದ ವರದಿಗಳನ್ನು ಯಾರೂ ಓದುತ್ತಿರಲಿಲ್ಲ. ಈ ಸಲವೂ ಬಡ್ತಿ ಕೈತಪ್ಪಿದಾಗ ಅವನಿಗೆ ದುಃಖವಾಗಲಿಲ್ಲ, ಹೇಸಿಗೆಯಾಯಿತು. ಕಂಪನಿ ಏನು ಮಾಡುತ್ತದೆಂದು ಕೇಳುವ ಗಿರಾಕಿಯೇ ಇಲ್ಲ. ಒಂದು ಷೇರಿನ ವಹಿವಾಟು ಇದ್ದಕ್ಕಿದ್ದಂತೆ ಹೆಚ್ಚಿದರೆ ಸಾಕು, ಯಾರಿಗೋ ಏನೋ ಗೊತ್ತಾಗಿದೆ ಎಂದುಕೊಂಡು ಮುಗಿಬೀಳುತ್ತಾರೆ, ಬೆಲೆ ಏರುತ್ತದೆ. ಹಾಗಾದರೆ ಆ ವಹಿವಾಟನ್ನು ತಾನೇ ಹುಟ್ಟಿಸಿದರಾಯಿತು.

ಅವನು ಆರಿಸಿಕೊಂಡದ್ದು ಕೊಡೆಗೆ ಹಿಡಿಕೆ ಮಾಡುವ ಕಂಪನಿಯನ್ನು. ಅದರ ಷೇರನ್ನು ಯಾರೂ ಮೂಸಿ ಕೂಡ ನೋಡುತ್ತಿರಲಿಲ್ಲ. ತನ್ನ ಹೆಸರು ಹೊರಬೀಳದಂತೆ ಅತ್ತೆಯ ಹೆಸರಿನಲ್ಲೊಂದು, ಷಡ್ಡಕನ ಹೆಸರಿನಲ್ಲೊಂದು ಖಾತೆಯನ್ನು ಬೇರೆ ದಲ್ಲಾಳಿಗಳ ಬಳಿ ತೆರೆದ. ತೆರಿಗೆ ಉಳಿಯುತ್ತದೆ ಎಂದಾಗ ಷಡ್ಡಕ ಹಲ್ಲುಕಿರಿದು ಸಹಿ ಹಾಕಿದ. "ನೀವು ಹೇಳಿದ ಮೇಲೆ ಮುಗೀತಲ್ಲ ಅಳಿಯಂದ್ರೇ," ಎಂದ ಅತ್ತೆ ಕನ್ನಡಕವನ್ನೂ ಹುಡುಕದೆ ಸಹಿ ಹಾಕಿದರು. ಇಬ್ಬರ ದಡ್ಡತನವೂ ಕೊನೆಗೊಮ್ಮೆ ಉಪಯೋಗಕ್ಕೆ ಬಂತು ಎಂದುಕೊಂಡ.

ಮನೆಯ ಮೇಲೆ ಸಾಲ ಎತ್ತಿ ಷೇರು ಕೂಡಿಹಾಕಿದ. ಆಮೇಲೆ ಆಟ ಸುಲಭ. ಅತ್ತೆ ಮಾರಿದ್ದನ್ನು ಷಡ್ಡಕ ಕೊಂಡ, ಷಡ್ಡಕ ಮಾರಿದ್ದನ್ನು ಅತ್ತೆ ಕೊಂಡರು, ಪ್ರತಿ ಸಲವೂ ಕೊಂಚ ಹೆಚ್ಚಿನ ಬೆಲೆಗೆ. ಇಬ್ಬರ ಖಾತೆಯ ಪಾಸ್‌ವರ್ಡ್‌ಗಳೂ ಅವನ ಬಳಿಯೇ ಇದ್ದವು. ವಹಿವಾಟು ಉಬ್ಬಿತು, ಬೆಲೆಯೂ ಅದರ ಹಿಂದೆ ಹೆಜ್ಜೆ ಹಾಕಿತು. ಕ್ಯಾಂಟೀನಿನಲ್ಲಿ ಸಹೋದ್ಯೋಗಿಗಳು ಕೊಡೆ ಹಿಡಿಕೆಯ ಭವಿಷ್ಯದ ಬಗ್ಗೆ ಗಂಭೀರವಾಗಿ ಚರ್ಚಿಸುವುದನ್ನು ಕೇಳಿ ಅವನು ಚಹಾದ ಲೋಟದೊಳಗೇ ನಕ್ಕ.

ಒಂದು ಮಧ್ಯಾಹ್ನ ಅವನು ಕೈ ಆಡಿಸದಿದ್ದರೂ ವಹಿವಾಟು ದಿಢೀರನೆ ಹಲವು ಪಟ್ಟಾಯಿತು. ಕುರಿಗಳು ಬಂದವು! ಇನ್ನೊಂದಿಷ್ಟು ಬೆಂಕಿ ಊದಿ, ಬೆಳಿಗ್ಗೆ ಎಲ್ಲವನ್ನೂ ಅವುಗಳ ತಲೆಗೆ ಕಟ್ಟಬೇಕೆಂದು, ಮಾರಾಟಕ್ಕೆ ಬಂದ ಷೇರನ್ನೆಲ್ಲ ಉಳಿದ ಸಾಲದ ಹಣದಿಂದ ಷಡ್ಡಕನ ಖಾತೆಗೆ ಬಾಚಿಕೊಂಡ. ಕೊಳ್ಳುವವರು ಎಷ್ಟು ಮಂದಿ ಎಂದಷ್ಟೇ ಅವನ ಲೆಕ್ಕ. ಅಷ್ಟೊಂದು ಮಾರುತ್ತಿರುವವರು ಯಾರು ಎಂದು ಕೇಳಿಕೊಳ್ಳಲಿಲ್ಲ.

ಬೆಳಿಗ್ಗೆ ಕೊಳ್ಳುವವರೇ ಇರಲಿಲ್ಲ. ಬೆಲೆ ಕುಸಿಯತೊಡಗಿತು. ಗಾಬರಿಯಿಂದ ಅತ್ತೆಯ ಖಾತೆ ತೆರೆದರೆ ಅದರಲ್ಲಿ ಒಂದು ಷೇರೂ ಇಲ್ಲ. ಅವರ ಮನೆಗೆ ಓಡಿದ. ಅತ್ತೆ ಸೋಫಾದ ಮೇಲೆ ಬಟ್ಟೆ ಮಡಚುತ್ತಿದ್ದರು. ಖಾತೆಗೆ ಅವರದೇ ಫೋನ್ ನಂಬರು ಕೊಡಬೇಕಾಗಿ ಬಂದಿತ್ತು. ಪ್ರತಿ ವ್ಯಾಪಾರದ ಸಂದೇಶವೂ ಅವರಿಗೇ ಹೋಗುತ್ತಿತ್ತು. "ದಿನಾ ಟಿಂಗ್ ಟಿಂಗ್ ಅಂತ ಬರ್ತಿತ್ತು, ತಲೆ ಕೆಟ್ಟು ನಿನ್ನೆ ಮಧ್ಯಾಹ್ನ ಅದರಲ್ಲಿದ್ದ ದಲ್ಲಾಳಿ ನಂಬರಿಗೇ ಫೋನ್ ಮಾಡಿದೆ," ಎಂದರು ಅತ್ತೆ. "ಒಳ್ಳೇ ಬೆಲೆ ಇದೆ ಅಂದ್ರು, ಎಲ್ಲಾ ಮಾರಿಬಿಡಿ ಅಂದೆ. ಇಷ್ಟು ದಿನ ವ್ಯಾಪಾರ ಮಾಡಿದ್ದು ನೀವೇನಾ ಅಮ್ಮ ಅಂತ ಕೇಳಿದ್ರು. ನನಗೆಲ್ಲಿ ಬರತ್ತಪ್ಪ, ಎಲ್ಲಾ ನಮ್ಮ ಅಳಿಯಂದ್ರೇ ಮಾಡೋದು, ನಮ್ಮ ಇನ್ನೊಬ್ಬ ಅಳಿಯನ ಖಾತೆನೂ ಅವರೇ ನೋಡ್ಕೋತಾರೆ ಅಂದೆ. ತುಂಬ ಮರ್ಯಾದಸ್ಥರು. ಅಳಿಯಂದ್ರ ಹೆಸರು ಬಿಡಿಸಿ ಹೇಳಿ ಅಂದ್ರು, ಹೇಳಿದೀನಿ."